ಎಂಟನೇ ನಂಬರಿನ ಗೋಡೆ

ಶವರಿನ ಪೈಪಿಗೆ ಗೋಡೆ ಕೊರೆಯಬೇಕಿತ್ತು.
ಮೊದಲು ಉದುರಿದ್ದು ಹಳದಿ ಡಿಸ್ಟೆಂಪರ್,
ಅದರಡಿ ತಾಲ್ಲೂಕು ಕಚೇರಿಯ ನೀಲಿ,
ನೀಲಿಯಡಿ ಸುಣ್ಣ; ಸುಣ್ಣದಲ್ಲಿ ಯಾವನೋ ಕೈದಿ
ಮೊಳೆಯಿಂದ ಗೀಚಿದ ದಿನಗಳ ಲೆಕ್ಕ
ನಲವತ್ತೊಂದಕ್ಕೆ ನಿಂತಿತ್ತು.
‘ಬಿಟ್ಟರೋ, ಸತ್ತನೋ?’ ಅಂದ ಓಬಳೇಶ.
‘ಮೊಳೆ ಸವೆದಿರಬೇಕು’ ಅಂದೆ.

ಆಮೇಲೆ ಗಾರೆ. ಬೆಲ್ಲ ಹಾಕಿ ಅರೆದದ್ದಂತೆ,
ಡ್ರಿಲ್ಲಿನ ಎರಡು ಮೊನೆ ನುಂಗಿತು.
ಮೂರನೆಯದಕ್ಕೆ ಸಿಕ್ಕಿತು ಮಸಿ ಹಿಡಿದ ಕಲ್ಲು:
ಪಾಳೇಗಾರನ ಮದ್ದಿನ ಮನೆ ಇದು.
ಬಾಗಿಲಲ್ಲೀಗ ‘ಧೂಮಪಾನ ನಿಷೇಧ’.

ಮದ್ದು ಬೇಕಾದಷ್ಟಿತ್ತಂತೆ, ಗುಂಡೂ.
ಕೋಟೆ ಸೋತದ್ದು ದೊಣೆ ಬತ್ತಿ.
ಹನ್ನೆರಡನೇ ರಾತ್ರಿ ದಿಡ್ಡಿ ಬಾಗಿಲ ಅಗುಳಿ ತೆಗೆದವರು
ಖಾಲಿ ಬಿಂದಿಗೆಯ ಹೆಂಗಸರು.
ಅವರಲ್ಲೊಬ್ಬಳು ನಮ್ಮ ಕಡೆಯವಳೆಂದು
ಅಜ್ಜಿ ದನಿ ತಗ್ಗಿಸಿ ಹೇಳುತ್ತಿದ್ದಳು,
ನಾಚಿಕೆಯೋ ಜಂಬವೋ ತಿಳಿಯದ ಹಾಗೆ.

ಹೋಟೆಲಿನ ಬಣ್ಣದ ಪುಸ್ತಕದಲ್ಲಿ ಇದಿಲ್ಲ,
ಬರೀ ಪಟ್ಟದಾನೆ.
ಈ ಬಾಗಿಲಲ್ಲಿ ಎಮ್ಮೆ ನುಗ್ಗಿದರೆ ಹೆಚ್ಚು.

ಸಂಜೆಗೆ ಟೈಲ್ಸ್ ಕೂತವು.
ಮಧುಗಿರಿಯಿಂದ ಟ್ಯಾಂಕರು ಏದುತ್ತ ಹತ್ತಿ ಬಂತು.
ನಲ್ಲಿ ತಿರುಗಿಸಿದೆ:
ಗಾಳಿ, ಒಂದು ಕೆಮ್ಮು, ಕೆಂಪು ನೀರು,
ಆಮೇಲೆ ತಿಳಿ.

ಕುಡಿಯೋದಲ್ಲ ಅದು ಅನ್ನುವಷ್ಟರಲ್ಲಿ
ಓಬಳೇಶ ಬೊಗಸೆ ಒಡ್ಡಿದ್ದ.