ಡಜನ್ನಿಗೊಂದು ಗಂಟು

ಕೌಲ್ ಬಜಾರಿನಲ್ಲಿ ಮಿದ್ದೆಯ ಮೇಲೆ ಹೊನ್ನೂರವಲಿಯ ಖೋಲಿ.
ಒಂದು ಟೀವಿ, ಸೆಕೆಂಡ್ ಹ್ಯಾಂಡ್ ಗೇಮಿನ ಡಬ್ಬಿ,
ರಾತ್ರಿ ಹತ್ತಾದರೂ ಕೋಟೆಗುಡ್ಡ ಉಗುಳುತ್ತಲೇ ಇರುವ ಬಿಸಿಲು.
ಜೀನ್ಸ್ ಯೂನಿಟ್ಟಿನಿಂದ ಸೀದಾ ಬಂದವನು ನಾನು,
ಬೆರಳಿನ ನೀಲಿ ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ.
ಗುಂಡಿಗಳ ಮೇಲೆಲ್ಲ ನನ್ನ ಹೆಬ್ಬೆಟ್ಟು.
'ಯಾರು ಆಡಿದ್ರು ಅಂತ ಕೇಳಾದೇ ಬ್ಯಾಡಲೇ' ಅಂತ ನಗುತ್ತಾನೆ ವಲಿ.

ಆಟದಲ್ಲಿ ಬಿಡಾರದ ತುಂಬ ಜನ,
ದಾರಿಗೆ ಇಬ್ಬರನ್ನಷ್ಟೇ ಕರೆದೊಯ್ಯಬಹುದು.
ಅವರ ಹೆಸರು ನಮ್ಮ ನಾಲಿಗೆಗೆ ಹೊರಳದೆ
ಗಾಯಕ್ಕೆ ಮದ್ದು ಕಟ್ಟುವವಳು ಅಕ್ಕ,
ಬೀಗ ಮುರಿಯುವವನು ಒಕ್ಕಣ್ಣ.
ಅಕ್ಕನಿಗೆ ಮೊಣಕಾಲು ನೋವು, ಏರು ಬಂದರೆ ಹಿಂದೆ ಬೀಳುತ್ತಾಳೆ.
ಒಕ್ಕಣ್ಣ ಎಲ್ಲಕ್ಕೂ ಹೂಂ.

ಜೇನು ಸಾಕುವ ಮುದುಕನೊಬ್ಬ ಒಳಗೆ ಕರೆದು ರೊಟ್ಟಿ ಕೊಟ್ಟ.
ಅವನ ಕೊರಳಲ್ಲಿ ಕೆಂಪು ಹರಳು,
ತೊಟ್ಟವನಿಗೆ ಬೆಂಕಿ ತಾಗುವುದಿಲ್ಲ.
ಯಾರು ನೋಡುತ್ತಾರೆ, ಅಂದ ಒಕ್ಕಣ್ಣ.
ಗುಂಡಿ ಒತ್ತಿದೆ.
ಮುದುಕ ರೊಟ್ಟಿಯ ಮೇಲೇ ಬಿದ್ದ.
ಪರದೆಯ ಮೂಲೆಯಲ್ಲಿ ಇರುವೆಸಾಲಿನ ಹಾಗೆ ಅಕ್ಷರ ಬಂದು ಹೋಯಿತು:
ಅಕ್ಕನಿಗೆ ಇದು ಹಿಡಿಸಲಿಲ್ಲ.

ಬಿಡಾರಕ್ಕೆ ಮರಳಿದರೆ ಬೆಂಕಿಯ ಪಕ್ಕ
ಅವಳ ಕೌದಿ ಇತ್ತು, ಅವಳಿರಲಿಲ್ಲ.
ಮದ್ದಿನ ಚೀಲ ನಮಗೇ ಬಿಟ್ಟು ಹೋಗಿದ್ದಳು.
ಬೈದು ಹೋಗಿದ್ದರೆ ಆಗುತ್ತಿತ್ತು.

'ಹಿಂದಿನ ಸೇವಿಗೆ ಹೋಗಲೇ, ಅದಕ್ಯಾಕೆ ಮಾರಿ ಸಣ್ಣ ಮಾಡ್ಕೊಂತಿ.'
ಹೋದೆ.
ಮುದುಕ ಬದುಕಿದ. ಜೇನು ಗುಂಯ್‌ಗುಟ್ಟಿತು. ರೊಟ್ಟಿಯಿಂದ ಹಬೆ ಎದ್ದಿತು.
ಎಲ್ಲಿಗೆ ಹೊರಟೆ ತಮ್ಮಾ, ಅಂದಳು ಅಕ್ಕ.
ಅವಳಿಗೆ ಏನೂ ನೆನಪಿಲ್ಲ.
ಅವಳನ್ನು ಬಿಡಾರದಲ್ಲೇ ಬಿಟ್ಟು ಒಕ್ಕಣ್ಣನ ಜೊತೆ ನಡೆದೆ.
'ಆಕಿನ್ಯಾಕೆ ಕರಕೊಳ್ಳಲ್ಲ?' ವಲಿ ಕೇಳಿದ.
'ಕಾದಾಟದಾಗೆ ಉಪಯೋಗಿಲ್ಲ' ಅಂದೆ.

ಇದು ಸೋಮವಾರದ ಮಾತು.
ಅದರ ಹಿಂದಿನ ಶನಿವಾರ ಎರ್ರಿಸ್ವಾಮಿ ಮೇಸ್ತ್ರಿ
ನನ್ನ ಲೆಕ್ಕದ ಪುಸ್ತಕದ ಮೇಲೆ ಬಾಗಿ
'ಮೌಲಾಬಿದು ಹನ್ನೊಂದು ಡಜನ್ನಾ? ಹತ್ತು ಬರಿ.
ಆಕಿಗೆ ಓದಾಕೆ ಎಲ್ಲಿ ಬರ್ತೈತೆ' ಅಂದಿದ್ದ.
ಮಶೀನುಗಳ ಸದ್ದು, ಅವನ ಉಸಿರಲ್ಲಿ ಎಲೆಅಡಿಕೆ,
ವಾಷಿಂಗಿಗೆ ಮಾಲು ಒಯ್ಯುವ ಆಟೋ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು.
ಹತ್ತು ಬರೆದೆ.
ಯಾವ ಮೂಲೆಯಲ್ಲೂ ಯಾವ ಅಕ್ಷರವೂ ಬರಲಿಲ್ಲ.

ಮಂಗಳವಾರ ಸಂಜೆ ಮೌಲಾಬಿ ಒಗ್ಗರಣೆಯ ಪೊಟ್ಟಣ ಬಿಚ್ಚಿ
ಎರಡು ಮಿರ್ಚಿಯಲ್ಲಿ ಒಂದನ್ನು ನನ್ನ ಕಡೆ ಸರಿಸಿದಳು,
ಯಾವಾಗಲೂ ಸರಿಸುವ ಹಾಗೆ.
ಖಾರ ಕಣ್ಣಿಗೆ ಏರಿತು ಅಂದೆ.
ನೀರು ಕುಡಿ ಅಂದಳು.

ಆಮೇಲೆ ಕರೆಂಟು ಹೋಯಿತು. ಎಲ್ಲರೂ ಗಾಳಿಗೆ ಹೊರಗೆ.
ಉರುಳಿದ ಬಾಬಿನ್ ಹುಡುಕುತ್ತ
ಅವಳ ಮಶೀನಿನ ಕೆಳಗೆ ಮೊಬೈಲ್ ಟಾರ್ಚು ಹಿಡಿದೆ.
ಕಬ್ಬಿಣದ ಕಾಲಿಗೆ ಸಾಲಾಗಿ ನೀಲಿ ದಾರ,
ದಿನಕ್ಕೊಂದು ಎಳೆ, ಡಜನ್ನಿಗೊಂದು ಗಂಟು.
ಶನಿವಾರದ್ದು ಯಾವುದೆಂದು ಹುಡುಕಬೇಕಾಗಲಿಲ್ಲ,
ಅದೊಂದನ್ನು ಬೇರೆ ಮಾಡಿ ಎತ್ತರದಲ್ಲಿ ಕಟ್ಟಿದ್ದಳು.
ಎಣಿಸಿದೆ.
ಬೆರಳಿಟ್ಟು, ಒಂದೊಂದಾಗಿ, ಮತ್ತೆ ಎಣಿಸಿದೆ.

ಸಿಕ್ತೇನು ತಮ್ಮಾ, ಅಂದಳು
ಬಾಗಿಲಿನಿಂದ ಮೌಲಾಬಿ.