ಹದಿಮೂರು ಬೀಗದಕೈ

ಹೊಸ ಕಟ್ಟಡಕ್ಕೆ ಬೆರಳು ಒತ್ತಿದರೆ ಸಾಕು, ಬಾಗಿಲು ತೆರೆಯುತ್ತೆ.
ನನ್ನ ಬೆರಳನ್ನು ಮಾತ್ರ ಅದು ಒಪ್ಪುವುದಿಲ್ಲ.
ಸುಣ್ಣ, ಸೀಮೆಎಣ್ಣೆ, ಮೇಣ ತಿಂದೂ ತಿಂದೂ
ಗೆರೆಯೇ ಸವೆದಿದೆಯಂತೆ.
ಹಾಗಾಗಿ ಹಳೆ ಗೊಂಚಲು ಇನ್ನೂ ನನ್ನ ಸೊಂಟದಲ್ಲೇ.
ಹದಿಮೂರು ಕೈ.
ಬಾಗಿಲು ಉಳಿದಿರುವುದು ನಾಲ್ಕಕ್ಕೆ.

ಇದು ಎಲ್ಲಕ್ಕಿಂತ ಉದ್ದದ್ದು, ಪ್ಲೇಗಿನ ವರ್ಷದ್ದು.
ಪೇಟೆ ಖಾಲಿಯಾಗಿ ಜನ ಬಯಲಿಗೆ ಬಿದ್ದಾಗ
ಯಾರೋ ಫ್ರೆಂಚ್ ಸ್ವಾಮಿ
ಹುಣಸೆ ಮರಕ್ಕೆ ತಟ್ಟಿ ಒರಗಿಸಿ ಪೂಜೆ ಮಾಡಿ
ಅದೇ ಹಲಗೆಯ ಮೇಲೆ ಮಧ್ಯಾಹ್ನ ಗಂಜಿ ಬಡಿಸುತ್ತಿದ್ದರಂತೆ.
ಅಜ್ಜಿಯ ತಾಯಿ ಸಗಾಯಮ್ಮ ಸೌದೆ ಹಾಕುತ್ತಿದ್ದಳು.
ಬಿದಿರು ತಟ್ಟಿಗೆ ಬೀಗ ಯಾಕೆ ಅಂದರೆ,
ಒಳಗೆ ಸತ್ತವರ ಕಂಬಳಿಗಳಿದ್ದವು;
ಚಳಿಗೆ ಕದ್ದವನು ಕಾಯಿಲೆಯನ್ನೂ ಹೊದ್ದುಕೊಂಡಾನೆಂದು.

ಆಮೇಲೆ ಮಣ್ಣುಗೋಡೆ, ಆಮೇಲೆ ಹೆಂಚು.
ಮಂಗಳೂರಿನಿಂದ ರೈಲಲ್ಲಿ ಬಂದ ಹೆಂಚು
ಸ್ಟೇಷನ್ನಿಂದ ಇಲ್ಲಿಗೆ ಬಂದದ್ದು ಹೆಂಗಸರ ತಲೆ ಮೇಲೆ.
ಹಳೆ ಲೆಕ್ಕದ ಪುಸ್ತಕದಲ್ಲಿ ಉಂಟು:
ದೇವರ ಕೆಲಸವೆಂದು ಕೂಲಿ ಬಿಟ್ಟವರು ಹನ್ನೊಂದು ಜನ.
ಬಿಡದವರ ಹೆಸರೂ ಬರೆದಿಟ್ಟಿದ್ದಾರೆ ಪುಣ್ಯಾತ್ಮರು.
ನಮ್ಮ ತಾತ ಗಾರೆ ಚೌರಪ್ಪ
ಆ ಎರಡನೇ ಪಟ್ಟಿಯಲ್ಲಿ, ಮೊದಲಿಗ.
ಮನೆಯಲ್ಲಿ ಐದು ಬಾಯಿ ಇದ್ದವು, ಅಷ್ಟೆ.
ಅವನು ಕಟ್ಟಿದ ಗೋಡೆಯನ್ನು ಕೆಡವಲು ಮೊನ್ನೆ
ಎರಡು ಜೆಸಿಬಿ ಬೇಕಾದವು.

ಈ ಚಿಕ್ಕದು ರಾತ್ರಿ ಶಾಲೆಯದು.
ಮಿಲ್ಲಿನ ಸೈರನ್ ಆದ ಮೇಲೆ ಬರುತ್ತಿದ್ದರು,
ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು,
ಇಪ್ಪತ್ತಕ್ಕೇ ಮುದುಕರಾದ ಹಾಗೆ,
ಅ ಆ ಇ ಈ ತಿದ್ದಿ ಕೆಮ್ಮಿ ಹೋಗುತ್ತಿದ್ದರು.
ಮಿಲ್ಲು ಮುಚ್ಚಿದ ಮೇಲೆ ಅದೇ ಕೋಣೆಯಲ್ಲಿ
ಸಿಸ್ಟರ್ ಅಪೊಲೊನಿಯ ಏಳು ಹೊಲಿಗೆ ಮಿಷನ್ ಇಡಿಸಿದರು.
ಗಂಡಸರು ಮೆಟ್ಟಿಲ ಮೇಲೆ ಬೀಡಿ ಹಚ್ಚಿ ಕೂತರೆ
ಒಳಗೆ ಹೆಂಗಸರು ಇಡೀ ಪಾಳ್ಯದ ಸ್ಕೂಲು ಚಡ್ಡಿ ಹೊಲಿದರು.
ಆ ಮೆಟ್ಟಿಲು ರಸ್ತೆ ಅಗಲವಾದಾಗ ಹೋಯಿತು,
ಕೋಣೆ ಅದರ ಹಿಂದೆಯೇ.

ಇವೆರಡು ಮಾತ್ರ ಸದಾ ಒಂದಕ್ಕೊಂದು ತಾಗುತ್ತವೆ,
ನಡೆಯುವಾಗ ಇವುಗಳದ್ದೇ ಸದ್ದು.
ಏಳು ಗಂಟೆಯ ಪೂಜೆ ಯಾವ ಭಾಷೆಯಲ್ಲಿ ಎಂದು ಜಗಳವಾಗಿ
ಒಂದೇ ಬಾಗಿಲಿಗೆ ಎರಡು ಕಡೆಯವರೂ
ತಂತಮ್ಮ ಬೀಗ ಜಡಿದ ವರ್ಷ ಅದು.
ದೇವರು ಒಂಬತ್ತು ದಿನ ಒಳಗೆ, ಊಟವಿಲ್ಲದವರ ಹಾಗೆ.
ದೀಪ ಆರಬಾರದೆಂದು ಅಮ್ಮ
ಕಿಟಕಿಯ ಮುರಿದ ಸರಳಿನ ಸಂದಿಯಲ್ಲಿ
ಎಣ್ಣೆ ಬಾಟಲಿ ಸಮೇತ ನನ್ನನ್ನು ತೂರಿಸಿದಳು.
ಆರು ವರ್ಷ ನನಗೆ.
ಆ ಕತ್ತಲಲ್ಲಿ ನಾನು
ಎರಡೂ ಭಾಷೆಯಲ್ಲಿ ಹೆದರಿದೆ.

ಉಳಿದವುಗಳ ಕಥೆ ಯಾರಿಗೂ ಗೊತ್ತಿಲ್ಲ.
ಒಂದಂತೂ ಬರೀ ತುಕ್ಕು.
ಮ್ಯೂಸಿಯಂ ಮಾಡೋಣ, ಗಾಜಿನ ಪೆಟ್ಟಿಗೆಯಲ್ಲಿ ಇಡೋಣ
ಎಂದಿದ್ದಾರೆ ಕಮಿಟಿಯವರು. ಆಗಲಿ ಎಂದಿದ್ದೆ.

ಕಳೆದ ಶುಕ್ರವಾರ ಕ್ಲಿನಿಕ್ಕಿನ ಸಾಲಿನಲ್ಲಿ
ಒಬ್ಬ ಹುಡುಗ ದಬ್ಬನೆ ಬಿದ್ದ, ಬಾಯಲ್ಲಿ ನೊರೆ.
ಹೊಸ ಗುಡಿಯ ನೆಲಕ್ಕೆ ಟೈಲ್ಸ್ ಹಾಕಿದ, ಯಾದಗಿರಿ ಕಡೆಯ ಹಣಮಂತ.
ಕಬ್ಬಿಣ ಕೊಡ್ರೀ ಎಂದು ಯಾರೋ ಕೂಗಿದರು,
ಗೊಂಚಲು ಕಿತ್ತು ಅವನ ಕೈಗಿಟ್ಟೆ.
ನರ್ಸ್ ಸಿಸ್ಟರ್ ಬೈದರು:
ಅದರಿಂದ ಏನೂ ಆಗಲ್ಲ, ಮಗ್ಗುಲಿಗೆ ತಿರುಗಿಸಿ, ಗಾಳಿ ಬಿಡಿ.
ನಿಜ. ಅದರಿಂದ ಏನೂ ಆಗಲಿಲ್ಲ.
ಆದರೂ ಅವನು ಹಿಡಿದಿದ್ದ,
ತಟ್ಟಿ, ಹೆಂಚು, ಸ್ಲೇಟು, ಹೊಲಿಗೆ,
ಆ ಎರಡು ಬೀಗದ ಸಿಟ್ಟು, ಎಲ್ಲ ಒಂದೇ ಮುಷ್ಟಿಯಲ್ಲಿ,
ಬಿಡಿಸಿದರೂ ಬಿಡದೆ.

ಎಚ್ಚರವಾದ ಮೇಲೆ ಅಂಗೈ ನೋಡಿಕೊಂಡ.
ಹಲ್ಲುಗಳೆಲ್ಲ ಕೆಂಪಗೆ ಅಚ್ಚೊತ್ತಿದ್ದವು.
"ಯಾರ ಮನೀವ್ರೀ, ಇಷ್ಟೊಂದು ಕೀಲಿಕೈ?"

ನೀರು ಕುಡಿ ಮೊದಲು, ಎಂದೆ.