ಸಾಗರಕಟ್ಟೆಯಲ್ಲಿ ಎಣಿಕೆ

ಸಾಗರಕಟ್ಟೆ ಅಂತ ಹೆಸರು. ಸಾಗರವೇನೂ ಇಲ್ಲ.
ಹಿನ್ನೀರು ಇಳಿದಾಗ ಬೆನ್ನು ತೋರಿಸುವ ಒಂದು ಬಂಡೆ,
ಸುತ್ತ ಒಂದಿಷ್ಟು ಮರಳು, ಒಡೆದ ಕಪ್ಪೆಚಿಪ್ಪು.
ಒಂಬತ್ತು ವರ್ಷದಿಂದ ಅದನ್ನೇ
ದ್ವೀಪ ಎಂದು ಬರೆದುಕೊಂಡಿದ್ದೇವೆ.

ಏಪ್ರಿಲ್ಲಿನ ಎರಡನೇ ಭಾನುವಾರ, ಬಿಸಿಲೇರುವ ಮುಂಚೆ
ಪುಟ್ಟಮಾದು ತೆಪ್ಪಕ್ಕೆ ಹುಟ್ಟು ಹಾಕುತ್ತಾನೆ.
ನನ್ನ ಕೊರಳಲ್ಲಿ ದುರ್ಬೀನು, ಹೆಬ್ಬೆರಳಡಿ ಕ್ಲಿಕ್ಕರು.
ಹತ್ತಿರವಾಗುತ್ತಲೇ ರೀವಗಳು ಒಮ್ಮೆಲೇ ಎದ್ದು
ಹಳದಿ ಕೊಕ್ಕು ಮುಂದಿಟ್ಟು ನೆತ್ತಿಗೇ ಎರಗುತ್ತವೆ.
ತಲೆಗೆ ಟವೆಲ್ಲು ಸುತ್ತಿಕೊಂಡು ಮಾದು ನಗುತ್ತಾನೆ:
"ವರ್ಸವರ್ಸ ಬತ್ತೀರಿ,
ಇನ್ನೂ ನಿಮ್ ಗುರ್ತ ಸಿಕ್ಕಿಲ್ವಲ್ಲ ಮೇಡಂ ಇವ್ಕೆ."

ಗೂಡೆಂದರೆ ಗೂಡಲ್ಲ, ಎದೆಯಿಂದ ಒತ್ತಿದ ತಗ್ಗು.
ಅದರಲ್ಲಿ ಮರಳಿನದೇ ಬಣ್ಣದ ಮೂರು ಮೊಟ್ಟೆ, ಕೆಲವದರಲ್ಲಿ ಎರಡು.
ಹುಡುಕುವಾಗ ಕಾಣವು; ಕಂಡ ಮೇಲೆ
ಎಲ್ಲಿ ಕಾಲಿಡಲೂ ಭಯ.
ಮೊದಲ ವರ್ಷ ನೂರ ಹನ್ನೆರಡು ಗೂಡು.
ಕೊರೋನಾ ವರ್ಷ ಬರಲಾಗಲಿಲ್ಲ, ಆ ಚೌಕ ಖಾಲಿಯಿದೆ.
ಹೋದ ಸಲ ಅರವತ್ತೇಳು.
ಈ ಸಲ ನಲವತ್ತಮೂರಕ್ಕೆ ಬಂದಿದ್ದೆ,
ಚಪ್ಪಲಿಯಡಿ ಚಟ್ ಅಂದಿತು. ಬಲು ಸಣ್ಣ ಸದ್ದು.
ಅಷ್ಟರಲ್ಲಿ ಬೆರಳು, ರೂಢಿಗೆ,
ನಲವತ್ತನಾಲ್ಕು ಒತ್ತಿಬಿಟ್ಟಿತ್ತು.

ಹಾಳೆಯಲ್ಲಿ 'ನಷ್ಟದ ಕಾರಣ' ಅಂತ ಒಂದು ಅಂಕಣ:
ನಾಯಿ, ಕಾಗೆ, ನೀರು, ಜನ, ತಿಳಿಯದು.
'ಜನ' ಸೇರಿಸಿದವಳು ನಾನೇ,
ಬಲೆ ಒಣಗಿಸುವವರನ್ನು, ಸೆಲ್ಫಿಯ ಹುಡುಗರನ್ನು ನೆನೆದು.
ಮಾದು ಬೇರೆ ಕಡೆ ನೋಡುತ್ತ ಬೀಡಿ ಹಚ್ಚಿದ.
ಗುರುತು ಹಾಕಿದೆ. ಪೆನ್ನು ಎರಡು ಸಲ ಜಾರಿತು.

ನಾವು ದೂರ ಸರಿದ ಮೇಲೆ ತಾಯಿ
ನೀರಿಗೆ ಹೊಟ್ಟೆ ಅದ್ದಿಕೊಂಡು ಬಂದು
ಕಾದ ಮರಳಲ್ಲಿ, ಉಳಿದೆರಡರ ಮೇಲೆ,
ಒದ್ದೆ ಗರಿ ಬಿಚ್ಚಿ ಕೂತಿತು.

ಜೂನಿನಲ್ಲಿ ಕೊಡಗಿಗೆ ಮಳೆ ಬಿದ್ದರೆ
ಇಲ್ಲಿ ಪೇಪರಿನ ಮೂಲೆಯಲ್ಲಿ ಅಡಿ ಏರುತ್ತದೆ.
ತೊಂಬತ್ತೊಂದು. ತೊಂಬತ್ತನಾಲ್ಕು.
ಮಂಡ್ಯದ ಕಬ್ಬು ಉಸಿರು ಬಿಡುತ್ತದೆ,
ಕುವೆಂಪುನಗರದ ನಮ್ಮನೆ ನಲ್ಲಿಯೂ.
ಕೊಡ ತುಂಬುವ ಸದ್ದಿಗೆ ನಾನೂ ಹಿಗ್ಗಿದವಳೇ.
ಎಷ್ಟನೇ ಅಡಿಗೆ ಬಂಡೆ ಮುಳುಗುತ್ತದೆಂದು
ಬಲ್ಲವಳೂ ನಾನೇ.

ಫೋನು ಮಾಡಿದೆ. ತಡವಾಗಿ ಒಡೆದ ಮರಿಗಳಿಗೆ
ರೆಕ್ಕೆ ಬಲಿತಿದೆಯಾ ಅಂದೆ.
ಗಾಳಿಯ ಸದ್ದು. ಆಮೇಲೆ ಮಾದು:
"ಬಂಡೆ ತುದಿ ಇನ್ನೂ ಬೆಳ್ಳಗೈತೆ ಮೇಡಂ."
ಹಕ್ಕಿಯೋ, ಹಿಕ್ಕೆಯೋ,
ನಾನು ಕೇಳಲಿಲ್ಲ.